ಕೋಳಿಯ ಕರುಳು ಕಾಯುವ ಕಾಳು, ಸೊಪ್ಪು, ನೆರಳು

ಮೈಸೂರಿನ ಒಂಟಿಕೊಪ್ಪಲಿನ ಕೆಲವು ಮನೆಗಳಿಗೆ ನಾನು ವಾರಕ್ಕೊಮ್ಮೆ ನಾಟಿ ಮೊಟ್ಟೆ ಕೊಡುತ್ತೇನೆ. ಶನಿವಾರ ಅಲ್ಲಿ ಮೊಟ್ಟೆ ಕೇಳುವವರು ಕಡಿಮೆ, ವೆಂಕಟರಮಣನ ವಾರ. ಅದಕ್ಕೇ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ಹತ್ತು ಗಂಟೆಯೊಳಗೆ ಕೊಟ್ಟು ಬರೋದು ರೂಢಿ. ಆ ಮನೆಗಳಲ್ಲಿ ಒಂದು, ಪಶುವೈದ್ಯರಾಗಿ ನಿವೃತ್ತಿಯಾದ ಒಬ್ಬರದು.

2016ರ ಬರದ ಬೇಸಿಗೆ. ಯುಗಾದಿ ಕಳೆದು ಒಂದು ವಾರವಾಗಿತ್ತು. ಡಾಕ್ಟರ ಮನೆಯ ಅಮ್ಮ ಬಾಗಿಲಲ್ಲೇ ಕೇಳಿದರು: "ಏನ್ ಗೌಡ್ರೇ, ಈಚೆಗೆ ಮೊಟ್ಟೆ ಒಳಗಿನ ಹಳದಿ ಬೆಳ್ಳಗಾಗಿದೆಯಲ್ಲ? ಫಾರಂ ಮೊಟ್ಟೆ ಬೆರೆಸ್ತೀರಾ ಹೆಂಗೆ?"

ನನಗೆ ಕೋಪ ಬಂತು. "ಇಲ್ಲಾಮ್ಮ, ಎಲ್ಲಾ ನಮ್ಮ ಹಟ್ಟೀದೇ. ಬಿಸಿಲು, ಹಸಿರಿಲ್ಲ, ಅದಕ್ಕೆ" ಅಂದು ಬಂದುಬಿಟ್ಟೆ. ಆಮೇಲೆ ಮೂರು ವಾರಕ್ಕೆ ನನ್ನ ಅರವತ್ತು ಕೋಳಿಗಳಲ್ಲಿ ಇಪ್ಪತ್ತಮೂರು ಸತ್ತವು. ಹನ್ನೊಂದು ದಿನದಲ್ಲಿ. ಆ ಕೋಳಿಗೆ ಹಾಕಿದ ದುಡ್ಡಿನಲ್ಲಿ ಆರು ಸಾವಿರ ನನ್ನ ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ್ದ ಸಾಲ. ಸಂಘದ ಸಭೆಯಲ್ಲಿ ಅವಳು ತಲೆ ತಗ್ಗಿಸಿ ಕೂರುವ ಹಾಗಾಯಿತು.

ಹಳದಿ ನನಗೆ ಮೊದಲೇ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಅದು ಏನು ಹೇಳಿತ್ತು ಅನ್ನೋದನ್ನೇ ಇಲ್ಲಿ ಬರೀತಾ ಇದ್ದೇನೆ. ನಾನು ಏಳನೇ ಕ್ಲಾಸು ಓದಿದವನು. ಡಾಕ್ಟರು ತಿಳಿಯುವ ಹಾಗೆ ಹೇಳಿಕೊಟ್ಟದ್ದು, ಅದಕ್ಕೆ ಮೇಲೆ ನಾನು ಮಾಡಿ ನೋಡಿದ್ದು, ಎರಡೂ ಸೇರಿದೆ.

ಕೊಯ್ದಾಗ ಕಂಡದ್ದು

ಮೊದಲು ನಾವು ಕೊಕ್ಕರೆ ರೋಗ ಅಂತಲೇ ತಿಳಿದೆವು. ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ರೆಕ್ಕೆ ಇಳಿಬಿಟ್ಟು ನಿಂತಿದ್ದವು. ಹಿಕ್ಕೆ ನೀರು ನೀರು. ಅದರೊಳಗೆ ತಿಂದ ಕಾಳು ಅರಗದೆ ಹಾಗೇ ಬರುತ್ತಿತ್ತು. ಜುಟ್ಟು ಬಿಳಿಚಿಕೊಂಡಿತ್ತು. ಅಂಗಡಿಯಲ್ಲಿ ಕೇಳಿ ಯಾವುದೋ ಆಂಟಿಬಯಾಟಿಕ್ ಪುಡಿ ತಂದು ನೀರಿಗೆ ಹಾಕಿದೆ. ಮೂರು ದಿನ ಹಾಕಿದರೂ ಸಾಯೋದು ನಿಲ್ಲಲಿಲ್ಲ.

ಕೊನೆಗೆ ಒಂಟಿಕೊಪ್ಪಲಿನ ಡಾಕ್ಟರಿಗೆ ಫೋನು ಮಾಡಿದೆ. "ಈಗ ತಾನೇ ಸತ್ತ ಎರಡು ಕೋಳೀನ ಪಶು ಆಸ್ಪತ್ರೆಗೆ ತಗೊಂಡು ಹೋಗಿ ಕೊಯ್ಸಿ ನೋಡ್ಸಿ. ನೋಡದೆ ಔಷಧಿ ಹಾಕಬೇಡಿ" ಅಂದರು. ಕೊಯ್ದು ನೋಡಿದಾಗ ಕೊಕ್ಕರೆ ರೋಗದಲ್ಲಿ ಜಠರದ ಒಳಗೆ ಕಾಣುವ ರಕ್ತದ ಚುಕ್ಕೆ ಇರಲಿಲ್ಲ. ರಕ್ತಭೇದಿಯ ಗುರುತೂ ಇರಲಿಲ್ಲ. ಕರುಳು ಮಾತ್ರ ನೆನೆದ ಕಾಗದದ ಹಾಗೆ ತೆಳ್ಳಗಾಗಿ, ಅಲ್ಲಲ್ಲಿ ಗಾಳಿ ತುಂಬಿ ಉಬ್ಬಿತ್ತು. ಒಳಗೆ ಅರಗದ ಜೋಳ.

ಮುಂದಿನ ಭಾನುವಾರ ಡಾಕ್ಟರು ಹೇಳಿದಂತೆ ಕೋಳಿಗೆ ಹಾಕುತ್ತಿದ್ದ ಆಹಾರ ಒಂದು ಚೀಟಿನ ಚೀಲದಲ್ಲಿ ತಗೊಂಡು ಹೋದೆ. ಅವರು ಅಂಗೈಗೆ ಹಾಕಿ ಉಜ್ಜಿ ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದರು. ಹಳೇ ಎಣ್ಣೆ ಬಾಂಡ್ಲಿಯ ಕಮಟು ವಾಸನೆ.

"ಗೌಡ್ರೇ, ಈ ಎಣ್ಣೇಲಿ ಕರಿದ ಬೋಂಡ ನೀವು ತಿಂತೀರಾ?"

"ಇಲ್ಲ ಡಾಕ್ಟ್ರೇ."

"ಮತ್ತೆ ಕೋಳಿಗೆ ಹಾಕಿದ್ದೀರಲ್ಲ."

ಅಂಗಡಿಯವನು ಹಳೇ ಸ್ಟಾಕು ಕಡಿಮೆ ರೇಟಿಗೆ ಕೊಟ್ಟಿದ್ದ. ನಾಲ್ಕು ಮೂಟೆ ಒಟ್ಟಿಗೆ ತಂದು ತಗಡಿನ ಶೀಟಿನ ಕೆಳಗೆ ಎರಡು ತಿಂಗಳು ಇಟ್ಟವನು ನಾನು. ಜೊತೆಗೆ ಮಿಲ್ಲಿನ ಹಳೇ ತೌಡು. ಅರ್ಧ ತಪ್ಪು ಅವನದ್ದಾದರೆ ಅರ್ಧ ನನ್ನದೇ. ಮೇಲೆ ಆ ಬಿಸಿಲು. ಮೂರೂ ಸೇರಿ ಕರುಳನ್ನು ಸುಟ್ಟವು.

ಕರುಳು ಅಂದರೆ ಬರೀ ಕೊಳವೆ ಅಲ್ಲ

ದೊಡ್ಡ ಕೋಳಿಯ ಕರುಳು ಬಿಡಿಸಿ ಹಾಕಿದರೆ ಐದಾರು ಅಡಿ ಬರುತ್ತೆ. ಒಳಮೈ ನುಣುಪಾಗಿಲ್ಲ, ಮಖಮಲ್ ಬಟ್ಟೆಯ ಹಾಗೆ ಸಣ್ಣ ಸಣ್ಣ ಎಳೆಗಳು ಎದ್ದಿರುತ್ತವೆ. ಕಣ್ಣಿಗೆ ಸರಿಯಾಗಿ ಕಾಣಲ್ಲ. ಈ ಎಳೆಗಳೇ ತಿಂದದ್ದರ ಸಾರ ಹೀರೋದು. ಎಳೆ ಉದ್ದ ಇದ್ದಷ್ಟೂ ಹೀರುವ ಜಾಗ ಜಾಸ್ತಿ. ಎಳೆ ಸವೆದು ಮೊಂಡಾದರೆ ಎಷ್ಟು ತಿಂದರೂ ಹಿಕ್ಕೆಯಲ್ಲೇ ಹೋಗುತ್ತೆ.

ಈ ಎಳೆಗಳ ಮೇಲೆ ಹೊದ್ದಿರುವ ಜೀವಕೋಶಗಳ ಪದರ ಒಂದೇ ಒಂದು. ಒಂದು ಕಡೆ ಹಿಕ್ಕೆ, ರೋಗಾಣು, ವಿಷ. ಇನ್ನೊಂದು ಕಡೆ ರಕ್ತ. ನಡುವೆ ಇರೋದು ಇಷ್ಟೇ ಗೋಡೆ. ಕೋಶಕ್ಕೂ ಕೋಶಕ್ಕೂ ನಡುವಿನ ಸಂದಿಯನ್ನು ಬಿಗಿಯಾಗಿ ಹೊಲಿದ ಹಾಗೆ ಬೆಸುಗೆ ಇದೆ. ಅದರ ಮೇಲೆ ಲೋಳೆ ಬಳಿದಿರುತ್ತೆ, ನೆಲಕ್ಕೆ ಸಗಣಿ ಸಾರಿಸಿದ ಹಾಗೆ. ಈ ಪದರ ಸವೆಯುತ್ತಲೇ ಇರುತ್ತೆ. ಮೂರ್ನಾಲ್ಕು ದಿನಕ್ಕೊಮ್ಮೆ ಹಳೆಯದು ಉದುರಿ ಹೊಸದು ಬರುತ್ತೆ. ಅಂದರೆ ಕೋಳಿ ತನ್ನ ಕರುಳಿನ ಒಳಗೋಡೆಯನ್ನು ವಾರಕ್ಕೆ ಎರಡು ಸಲ ಹೊಸದಾಗಿ ಕಟ್ಟುತ್ತೆ. ಕಟ್ಟೋಕೆ ಸಾಮಾನು ಬೇಕಲ್ಲ? ಅದು ಆಹಾರದಿಂದಲೇ ಬರಬೇಕು.

ಕಿಡಿ ಎಲ್ಲಿಂದ ಬರುತ್ತೆ

ಒಲೆ ಉರಿದರೆ ಅಡಿಗೆ ಆಗುತ್ತೆ, ಜೊತೆಗೆ ಕಿಡಿಯೂ ಹಾರುತ್ತೆ. ಕೋಳಿಯ ಮೈಯ ಪ್ರತಿ ಜೀವಕೋಶದಲ್ಲೂ ಇಂಥ ಒಲೆ ಇದೆ. ತಿಂದದ್ದನ್ನು ಆಮ್ಲಜನಕದ ಜೊತೆ ಉರಿಸಿ ಶಕ್ತಿ ಮಾಡಿಕೊಳ್ಳುತ್ತೆ. ಆಗ ಆಮ್ಲಜನಕದ ಕೆಲವು ಪುಂಡ ಕಣಗಳು ಹೊರಬೀಳುತ್ತವೆ. ಸಿಕ್ಕಿದ್ದಕ್ಕೆ ತಗುಲಿ ಸುಡುತ್ತವೆ. ಕೋಶದ ಹೊದಿಕೆಯ ಕೊಬ್ಬು, ಒಳಗಿನ ಪ್ರೋಟೀನು, ಎಲ್ಲಕ್ಕೂ. ಕಬ್ಬಿಣಕ್ಕೆ ತುಕ್ಕು ಹಿಡಿಯೋದು, ಎಣ್ಣೆ ಕಮಟೋದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗೋದು, ಇವೂ ಆಮ್ಲಜನಕ ತಗುಲಿ ಆಗೋ ಕೆಲಸವೇ. ಕಿಡಿ ಹುಟ್ಟೋದು ತಪ್ಪಲ್ಲ. ಆರಿಸುವ ಶಕ್ತಿಗಿಂತ ಕಿಡಿ ಜಾಸ್ತಿ ಆದರೆ ಅದನ್ನು ಉತ್ಕರ್ಷಣ ಒತ್ತಡ, ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ. ನಾನು ಕಿಡಿ ಅಂತಲೇ ಬರೀತೇನೆ.

ಕರುಳಿಗೆ ಕಿಡಿ ಜಾಸ್ತಿ ಆಗುವ ದಾರಿ ಮುಖ್ಯವಾಗಿ ನಾಲ್ಕು.

ಒಂದು, ಬಿಸಿಲು. ಕೋಳಿಗೆ ಬೆವರಿಲ್ಲ. ಅದರ ಮೈ ಬಿಸಿ ಮೊದಲೇ 41 ಡಿಗ್ರಿಗೆ ಮೇಲೆ. ಹೊರಗೆ 30-32 ಡಿಗ್ರಿ ದಾಟಿದರೆ ಬಾಯಿ ತೆರೆದು ಏದುಸಿರು ಶುರು. ಮೈಯ ಕಾವು ಹೊರಹಾಕೋಕೆ ರಕ್ತವನ್ನು ಚರ್ಮ, ಜುಟ್ಟಿನ ಕಡೆ ತಿರುಗಿಸುತ್ತೆ. ಆಗ ಕರುಳಿಗೆ ರಕ್ತ ಕಡಿಮೆ. ಕರುಳಿನ ಕೋಶಗಳು ಉಸಿರುಕಟ್ಟಿ ಕೂತಿರುತ್ತವೆ. ಸಂಜೆ ತಂಪಾದ ಮೇಲೆ ರಕ್ತ ಮತ್ತೆ ನುಗ್ಗುತ್ತೆ. ಕೆರೆ ಬತ್ತಿದ ಕಾಲುವೆಗೆ ಒಂದೇ ಸಲ ತೂಬು ಎತ್ತಿದ ಹಾಗೆ. ಆಗ ಕಿಡಿ ಒಮ್ಮೆಗೇ ಏಳುತ್ತೆ. ಸಂದಿಯ ಬೆಸುಗೆ ಸಡಿಲವಾಗಿ ರೋಗಾಣುವಿನ ವಿಷ ರಕ್ತಕ್ಕೆ ಸೋರುತ್ತೆ. ಮಧ್ಯಾಹ್ನ ತಡೆದುಕೊಂಡ ಕೋಳಿ ಮಾರನೇ ದಿನ ಮಂಕಾಗೋದಕ್ಕೆ ಇದೂ ಒಂದು ಕಾರಣ.

ಎರಡು, ಕಮಟು ಆಹಾರ. ಕಮಟಿದ ಎಣ್ಣೆ ಅಂದರೆ ಆಗಲೇ ಸುಟ್ಟ ಎಣ್ಣೆ. ಅದು ಮೂಟೆಯಲ್ಲಿ ಇದ್ದಾಗಲೇ ಆಹಾರದ ಇ ಜೀವಸತ್ವವನ್ನು ತಿಂದು ಹಾಕಿರುತ್ತೆ. ಕರುಳಿಗೆ ಹೋದ ಮೇಲೆ ಕಿಡಿಯನ್ನೂ ಹೊತ್ತಿಸುತ್ತೆ. ಎರಡು ಕಡೆ ನಷ್ಟ. ಅಕ್ಕಿ ತೌಡು ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಮಿಲ್ಲಿನಲ್ಲಿ ಅಕ್ಕಿಯಿಂದ ಬೇರೆಯಾದ ಗಳಿಗೆಯಿಂದಲೇ ಅದರೊಳಗಿನ ಕಿಣ್ವ ಎಣ್ಣೆಯನ್ನು ಒಡೆಯೋಕೆ ಶುರು ಮಾಡುತ್ತೆ.

ಮೂರು, ಬೂಷ್ಟು. ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ತೇವಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಕಟ್ಟುತ್ತೆ. ಅದು ಈಲಿಯನ್ನು ಕೆಡಿಸುತ್ತೆ, ಕರುಳಲ್ಲೂ ಕಿಡಿ ಎಬ್ಬಿಸುತ್ತೆ. ಬೂಷ್ಟನ್ನು ತೊಳೆದರೆ, ಬಿಸಿಲಿಗೆ ಹಾಕಿದರೆ ಕಣ್ಣಿಗೆ ಕಾಣೋದು ಹೋಗುತ್ತೆ, ಒಳಗಿನ ವಿಷ ಉಳಿಯುತ್ತೆ.

ನಾಲ್ಕು, ರಕ್ತಭೇದಿ ತರುವ ಸೂಕ್ಷ್ಮಜೀವಿ. ಇದು ಕರುಳಿನ ಕೋಶದೊಳಗೇ ಹೊಕ್ಕು ಬೆಳೆದು ಒಡೆದು ಬರುತ್ತೆ. ಒದ್ದೆ ಹಾಸಿನಲ್ಲಿ ಮರಿ ಬಿಟ್ಟವರಿಗೆ ಇದರ ಕಾಟ ಗೊತ್ತೇ ಇರುತ್ತೆ.

ಕಿಡಿ ಆರಿಸುವವರು

ದೇವರು ಒಲೆ ಕೊಟ್ಟು ನೀರಿನ ಕೊಡ ಕೊಡದೆ ಇರಲಿಲ್ಲ. ಕಿಡಿ ಆರಿಸುವ ಆಳುಗಳು ಕೋಳಿಯ ಮೈಯಲ್ಲೇ ಇದ್ದಾರೆ. ಅವರಿಗೆ ದಿನದ ಕೂಲಿಯಾಗಿ ಪೋಷಕಾಂಶ ಬೇಕು ಅಷ್ಟೇ.

ಇ ಜೀವಸತ್ವ: ಇದು ಕೋಶದ ಕೊಬ್ಬಿನ ಹೊದಿಕೆಯೊಳಗೇ ಕೂತು ಕಾವಲು ಕಾಯುತ್ತೆ. ಕಿಡಿ ಬಂದರೆ ತಾನೇ ಸುಟ್ಟುಕೊಂಡು ಹೊದಿಕೆ ಉಳಿಸುತ್ತೆ. ಅದಕ್ಕೇ ದಿನಾ ಹೊಸದು ಬೇಕು. ಹಸಿರು ಸೊಪ್ಪು, ಮೊಳಕೆ, ಎಣ್ಣೆಕಾಳುಗಳಲ್ಲಿ ಇದೆ.

ಸಿ ಜೀವಸತ್ವ: ಸುಟ್ಟುಹೋದ ಇ ಜೀವಸತ್ವವನ್ನು ಮತ್ತೆ ಕೆಲಸಕ್ಕೆ ನಿಲ್ಲಿಸುತ್ತೆ. ಮನುಷ್ಯರ ಹಾಗಲ್ಲ, ಕೋಳಿ ತನ್ನ ಮೂತ್ರಪಿಂಡದಲ್ಲಿ ಇದನ್ನು ತಾನೇ ಮಾಡಿಕೊಳ್ಳುತ್ತೆ. ಆದರೆ ಕಡು ಬೇಸಿಗೆಯಲ್ಲಿ ಮಾಡಿಕೊಂಡದ್ದು ಸಾಲೋದಿಲ್ಲ. ಆಗ ಹೊರಗಿನಿಂದ ಕೊಟ್ಟರೆ ಅನುಕೂಲ.

ಸೆಲೆನಿಯಂ, ಸತು, ತಾಮ್ರ, ಮ್ಯಾಂಗನೀಸ್: ಇವು ಕಿಡಿ ಆರಿಸುವ ಕಿಣ್ವಗಳ ಕೈಯಲ್ಲಿರುವ ಸಲಕರಣೆ. ಆಳು ಎಷ್ಟು ಗಟ್ಟಿ ಇದ್ದರೂ ಗುದ್ದಲಿ ಇಲ್ಲದೆ ಅಗೆಯೋಕಾಗಲ್ಲ. ಸತುವಿಗೆ ಇನ್ನೊಂದು ಕೆಲಸ ಇದೆ. ಕರುಳಿನ ಗೋಡೆ ಹೊಸದಾಗಿ ಕಟ್ಟೋಕೂ, ಸಂದಿಯ ಬೆಸುಗೆಗೂ ಅದು ಬೇಕೇ ಬೇಕು.

ಮಿಥಿಯೋನಿನ್, ಸಿಸ್ಟೀನ್: ಪ್ರೋಟೀನಿನ ಇಟ್ಟಿಗೆಗಳು. ಇವುಗಳಿಂದ ಗ್ಲುಟಾಥಯೋನ್ ಅನ್ನೋದು ಆಗುತ್ತೆ. ಕಿಡಿ ಆರಿಸೋದರಲ್ಲಿ ಮೈಯೊಳಗಿನ ದೊಡ್ಡ ಆಳು ಇದೇ. ಥ್ರಿಯೋನಿನ್ ಅನ್ನೋ ಇನ್ನೊಂದು ಇಟ್ಟಿಗೆ ಕರುಳಿನ ಲೋಳೆ ಆಗೋಕೆ ಬೇಕು.

ಎ ಜೀವಸತ್ವ ಮತ್ತು ಸೊಪ್ಪಿನ ಹಳದಿ ಬಣ್ಣ: ಎ ಜೀವಸತ್ವ ಇಲ್ಲದಿದ್ದರೆ ಕರುಳಿನ, ಗಂಟಲಿನ ಒಳಪೊರೆ ಒರಟಾಗಿ ರೋಗಕ್ಕೆ ಬಾಗಿಲು ತೆರೆದ ಹಾಗೆ. ಸೊಪ್ಪಿನಲ್ಲಿ, ಹಳದಿ ಮುಸುಕಿನ ಜೋಳದಲ್ಲಿ ಇರುವ ಬಣ್ಣದಲ್ಲಿ ಸ್ವಲ್ಪ ಭಾಗ ಎ ಜೀವಸತ್ವ ಆಗುತ್ತೆ, ಉಳಿದದ್ದು ಮೊಟ್ಟೆಯ ಹಳದಿಗೆ ಹೋಗುತ್ತೆ. ರಾಗಿ, ಬಿಳಿ ಜೋಳದಲ್ಲಿ ಈ ಬಣ್ಣ ಇಲ್ಲವೇ ಇಲ್ಲ ಅನ್ನಬಹುದು.

ಇಲ್ಲೇ ನನಗೆ ಅಮ್ಮ ಹೇಳಿದ ಮಾತಿನ ಅರ್ಥ ಆದದ್ದು. ಹಳದಿ ಬಿಳಿಚಿದರೆ ಎರಡರಲ್ಲಿ ಒಂದು. ಕೋಳಿಗೆ ಹಸಿರು ಸಿಗುತ್ತಿಲ್ಲ, ಇಲ್ಲವೇ ತಿಂದರೂ ಕರುಳು ಹೀರುತ್ತಿಲ್ಲ. ರಕ್ತಭೇದಿ ಒಳಗೇ ಶುರುವಾಗಿದ್ದರೂ ಕಾಲು, ಹಳದಿ ಬಿಳಿಚುತ್ತೆ. ದುಡ್ಡು ಕೊಡದೆ ಮನೆಯಲ್ಲೇ ಮಾಡುವ ಪರೀಕ್ಷೆ ಇದು. ವಾರಕ್ಕೊಂದು ಮೊಟ್ಟೆ ತಟ್ಟೆಗೆ ಒಡೆದು ನೋಡಿ.

ಕೋಳಿಯಿಂದಲೇ ಕಲಿತ ಪಾಠ

ಈ ವಿದ್ಯೆ ಲೋಕಕ್ಕೆ ತಿಳಿದದ್ದರಲ್ಲಿ ಕೋಳಿಯ ಪಾಲು ದೊಡ್ಡದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಅನ್ನೋ ಡಚ್ ವೈದ್ಯರು, ಪಾಲಿಷ್ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋಗೋದನ್ನೂ, ತೌಡಿರುವ ಅಕ್ಕಿ ಕೊಟ್ಟರೆ ಎದ್ದು ನಿಲ್ಲೋದನ್ನೂ ಕಂಡರು. ಜೀವಸತ್ವಗಳ ಹುಡುಕಾಟಕ್ಕೆ ಅದು ದಾರಿ ಆಯಿತು. ಅವರಿಗೆ 1929ರಲ್ಲಿ ನೊಬೆಲ್ ಬಂತು. ಇ ಜೀವಸತ್ವ ತಿಳಿದದ್ದು 1922ರಲ್ಲಿ, ಇಲಿಗಳ ಮೇಲೆ. ಅದು ಇಲ್ಲದ ಕೋಳಿಮರಿಗಳು ತಲೆ ತಿರುಗಿ ಬಿದ್ದು ಸಾಯುತ್ತವೆ ಅಂತ 1930ರ ದಶಕದಲ್ಲಿ ಗೊತ್ತಾಯಿತು. ಸೆಲೆನಿಯಂ ಅನ್ನೋದು ಬರೀ ವಿಷ ಅಂತಲೇ ತಿಳಿದಿದ್ದರು. ಅದು ಚೂರೇ ಚೂರು ಬೇಕು ಅಂತ ತಿಳಿದದ್ದು 1957ರಲ್ಲಿ, ಕಿಡಿ ಆರಿಸುವ ಕಿಣ್ವದೊಳಗೇ ಅದು ಇದೆ ಅಂತ ತಿಳಿದದ್ದು 1973ರಲ್ಲಿ.

ನಮ್ಮ ಮೈಸೂರಲ್ಲೇ, ಒಂಟಿಕೊಪ್ಪಲಿಗೆ ಹತ್ತಿರದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರುವ ಸಿ.ಎಫ್.ಟಿ.ಆರ್.ಐ.ಯಲ್ಲಿ ಅರಿಶಿನ, ಮೆಣಸು, ಶುಂಠಿ ಮುಂತಾದ ಸಂಬಾರ ಪದಾರ್ಥಗಳು ಜೀರ್ಣಕ್ಕೆ ಹೇಗೆ ನೆರವಾಗುತ್ತವೆ, ಕಿಡಿಯನ್ನು ಹೇಗೆ ತಡೆಯುತ್ತವೆ ಅಂತ ವರ್ಷಗಟ್ಟಲೆ ಸಂಶೋಧನೆ ನಡೆದಿದೆ. ನಮ್ಮ ಅಜ್ಜಿ ಕೋಳಿಮರಿಗೆ ನುಚ್ಚಿನ ಜೊತೆ ಚಿಟಿಕೆ ಅರಿಶಿನ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ನಮ್ಮ ಹೊಲದಲ್ಲಿ ಏನಿದೆ

ನಮ್ಮದು ಜಯಪುರ ಹೋಬಳಿ ಕಡೆಯ ಖುಷ್ಕಿ. ಮಳೆ ಬಂದರೆ ರಾಗಿ, ಹುರುಳಿ, ಅವರೆ, ಅಲಸಂದೆ, ಎಳ್ಳು. ದುಬಾರಿ ಟಾನಿಕ್ಕು ತರೋ ಮೊದಲು ಮನೆಯಲ್ಲಿ ಏನಿದೆ ಅಂತ ನೋಡಬೇಕು.

ರಾಗಿ: ಸಿಪ್ಪೆಯಲ್ಲಿ ಕಿಡಿ ತಡೆಯುವ ಒಗರಿನ ಅಂಶ ಇದೆ. 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೇಲೆ ಸುಣ್ಣ. ಮಿಥಿಯೋನಿನ್ ಸಹ ಬೇರೆ ಕಾಳಿಗಿಂತ ವಾಸಿ. ಮೊಳಕೆ ಕಟ್ಟಿ ಕೊಟ್ಟರೆ ಸಿ ಜೀವಸತ್ವ ಹುಟ್ಟುತ್ತೆ, ಖನಿಜ ಸುಲಭವಾಗಿ ಮೈಗೆ ಹತ್ತುತ್ತೆ. ಜೋಳವನ್ನು ಮಾತ್ರ ಮೊಳಕೆ ಕಟ್ಟಬೇಡಿ. ಎಳೇ ಜೋಳದ ಪೈರು ದನಕ್ಕೆ ಯಾಕೆ ವಿಷ ಅಂತ ನಿಮಗೆ ಗೊತ್ತಿದೆ. ಅದೇ ವಿಷ ಮೊಳಕೆಯಲ್ಲೂ ಇದೆ.

ಎಳ್ಳು ಹಿಂಡಿ: ಕಡಲೆಕಾಯಿ ಹಿಂಡಿಯಲ್ಲಿ ಕೊರತೆಯಾಗುವ ಮಿಥಿಯೋನಿನ್ ಇದರಲ್ಲಿ ಚೆನ್ನಾಗಿದೆ. ಎಳ್ಳೆಣ್ಣೆ ಬೇರೆ ಎಣ್ಣೆಗಿಂತ ನಿಧಾನವಾಗಿ ಕಮಟುತ್ತೆ. ಅದಕ್ಕೆ ಅದರೊಳಗೇ ಇರುವ ಕಿಡಿ ತಡೆಯುವ ಅಂಶ ಕಾರಣ.

ಹುರುಳಿ: ಲೈಸಿನ್ ಅನ್ನೋ ಇಟ್ಟಿಗೆ ಇದರಲ್ಲಿ ಜಾಸ್ತಿ, ಎಳ್ಳು ಹಿಂಡಿಯಲ್ಲಿ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಒಂದು ತುಂಬುತ್ತೆ. ಆದರೆ ಹಸಿ ಹುರುಳಿ ಕೋಳಿಗೆ ಅರಗಲ್ಲ, ಬೇಯಿಸಿಯೇ ಕೊಡಬೇಕು.

ನುಗ್ಗೆ ಸೊಪ್ಪು: ಖುಷ್ಕಿಯವರಿಗೆ ಬೇಸಿಗೆಯಲ್ಲಿ ಸಿಗುವ ಹಸಿರು ಇದೇ. ಎ, ಸಿ, ಇ ಮೂರಕ್ಕೂ ಆಗುತ್ತೆ. ಹಸಿಯಾಗಿ ಕಟ್ಟು ಕಟ್ಟಿ ಕೋಳಿಗೆ ಎಟುಕುವ ಎತ್ತರಕ್ಕೆ ನೇತುಹಾಕಬೇಕು. ನೆಲಕ್ಕೆ ಹಾಕಿದರೆ ತುಳಿದು ಹಾಳು. ಒಣಗಿಸುವುದಾದರೆ ನೆರಳಲ್ಲಿ. ಬಿಸಿಲಲ್ಲಿ ಒಣಗಿಸಿದರೆ ಜೀವಸತ್ವ ಬಿಸಿಲಿಗೇ ಹೋಗುತ್ತೆ. ದಂಟು, ಕೀರೆ ಸೊಪ್ಪೂ ಆಗುತ್ತೆ.

ಗೆದ್ದಲು: ಹಳೇ ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ಹುತ್ತದ ಪಕ್ಕ ಬೋರಲು ಹಾಕಿ. ಮಾರನೇ ಬೆಳಿಗ್ಗೆ ಮರಿಗಳ ಮುಂದೆ ಕೊಡವಿ. ಒಳ್ಳೇ ಪ್ರೋಟೀನು, ಖನಿಜ.

ನಾನು ಹಾಕುವ ಮಿಶ್ರಣ

ಇದು ಬಿಟ್ಟು ಮೇಯಿಸುವ ದೊಡ್ಡ ಕೋಳಿಗೆ, ಮೇವಿನ ಜೊತೆಗೆ ಕೊಡುವ ಆಹಾರ. ಕೂಡಿ ಹಾಕಿ ಸಾಕುವವರಿಗೆ ಇಷ್ಟೇ ಸಾಲದು. ಸುಮಾರು 10 ಕಿಲೋಗೆ:

ಹಳದಿ ಮುಸುಕಿನ ಜೋಳದ ನುಚ್ಚು 4.5 ಕಿಲೋ
ರಾಗಿ 1.5 ಕಿಲೋ
ಹೊಸ ಅಕ್ಕಿ ತೌಡು 1 ಕಿಲೋ
ಕಡಲೆಕಾಯಿ ಹಿಂಡಿ 1.25 ಕಿಲೋ
ಎಳ್ಳು ಹಿಂಡಿ 1.25 ಕಿಲೋ
ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪಿನ ಪುಡಿ 250 ಗ್ರಾಂ
ಕೋಳಿಗೆಂದೇ ಮಾಡಿದ ಖನಿಜ-ಜೀವಸತ್ವ ಮಿಶ್ರಣ, ಪ್ಯಾಕೆಟ್ಟಿನ ಮೇಲೆ ಬರೆದಷ್ಟು
ಉಪ್ಪು 30 ಗ್ರಾಂ (ಖನಿಜ ಮಿಶ್ರಣದಲ್ಲಿ ಉಪ್ಪಿದ್ದರೆ ಬೇಡ)
ಅರಿಶಿನ ಪುಡಿ 50 ಗ್ರಾಂ

ಕೋಳಿಗೆ ದಿನಕ್ಕೆ 40-50 ಗ್ರಾಂ. ವಾರಕ್ಕೆ ಎರಡು ದಿನ ಬೇಯಿಸಿದ ಹುರುಳಿ, ಎರಡು ದಿನ ಮೊಳಕೆ ರಾಗಿ ಒಂದೊಂದು ಹಿಡಿ ಎರಚುತ್ತೇನೆ. ಮೊಟ್ಟೆ ಇಡುವ ಕೋಳಿಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಪಾತ್ರೆಯಲ್ಲಿ. ಬೇಕಾದಷ್ಟು ಅವೇ ತಿನ್ನುತ್ತವೆ.

ಬೇಸಿಗೆಯಲ್ಲಿ ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಕಲಸುತ್ತೇನೆ. ತೌಡು ತಂದ ದಿನವೇ ಬಾಂಡ್ಲಿಯಲ್ಲಿ ಬಿಸಿಯಾಗುವ ತನಕ ಹುರಿದು ಆರಿಸಿದರೆ ಸ್ವಲ್ಪ ದಿನ ತಡೆಯುತ್ತೆ. ಮೂಟೆಯನ್ನು ನೆಲಕ್ಕಿಡದೆ ಹಲಗೆ ಮೇಲೆ, ಗೋಡೆಗೆ ತಾಗದ ಹಾಗೆ, ತಂಪು ಜಾಗದಲ್ಲಿ ಇಡಬೇಕು. ಹಾಕುವ ಮೊದಲು ಒಂದು ಹಿಡಿ ಮೂಸಿ ನೋಡೋದು ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಅಭ್ಯಾಸ ಆಗಿದೆ.

ಹೆಚ್ಚಾದರೆ ಅಮೃತವೂ ವಿಷ

ಇಷ್ಟು ಓದಿ ಯಾರೂ ಸೆಲೆನಿಯಂ, ತಾಮ್ರ ಬಿಡಿಯಾಗಿ ತಂದು ಹಾಕಬೇಡಿ. ಕೋಳಿಗೆ ಬೇಕಾದ ಸೆಲೆನಿಯಂ ಒಂದು ಟನ್ ಆಹಾರಕ್ಕೆ ಕಾಲು ಗ್ರಾಂಗೂ ಕಡಿಮೆ. ಐದು ಗ್ರಾಂ ಆದರೆ ವಿಷ. ಕೈ ಅಳತೆಯಲ್ಲಿ ಮಾಡುವ ಕೆಲಸ ಅಲ್ಲ ಅದು. ಕಬ್ಬಿಣ, ತಾಮ್ರ ಜಾಸ್ತಿ ಆದರೆ ಅವೇ ಕಿಡಿ ಹೊತ್ತಿಸುತ್ತವೆ. ಅದಕ್ಕೇ ಅಳತೆ ಮಾಡಿದ ಖನಿಜ ಮಿಶ್ರಣ ತರೋದು ಒಳ್ಳೇದು. ತರುವಾಗ ತಯಾರಿಸಿದ ತಾರೀಖು ನೋಡಿ. ಬಿಸಿಲು, ಬೆಳಕು, ತೇವಕ್ಕೆ ಜೀವಸತ್ವ ಸಾಯುತ್ತೆ.

ನುಗ್ಗೆ ಸೊಪ್ಪಿನ ಪುಡಿಯೂ ನೂರಕ್ಕೆ ಐದು ಪಾಲು ದಾಟಬಾರದು, ದಾಟಿದರೆ ಬೆಳವಣಿಗೆ ಕುಂಠಿತ ಆಗಬಹುದು. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಅನ್ನೋ ವಿಷ ಇದೆ, ನಾನು ಹಾಕೋದೇ ಇಲ್ಲ.

ಕಡು ಬಿಸಿಲಿನ ದಿನ ಸಿ ಜೀವಸತ್ವದ ಪುಡಿ ನೀರಿಗೆ ಹಾಕುವವರು ಬೆಳಿಗ್ಗೆ ಬೆರೆಸಿ ಕೆಲವು ಗಂಟೆಯಲ್ಲೇ ಕುಡಿಸಿಬಿಡಬೇಕು. ಸಂಜೆಗೆ ಅದರಲ್ಲಿ ಸತ್ವ ಉಳಿಯಲ್ಲ. ತಾಮ್ರ, ಕಬ್ಬಿಣದ ಪಾತ್ರೆ ಬೇಡ. ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಇರಲಿ. ನಿಂಬೆಹಣ್ಣು ಹಿಂಡಿದರೆ ಆಗಲ್ಲವೇ ಅಂತ ಕೇಳ್ತಾರೆ. ಒಂದು ಹಣ್ಣಿನಲ್ಲಿ ಸಿಗೋದು ಬಹಳ ಕಮ್ಮಿ. ನುಗ್ಗೆ ಸೊಪ್ಪು ಅದಕ್ಕಿಂತ ವಾಸಿ.

ಆಹಾರ ಔಷಧ ಅಲ್ಲ

ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಎಷ್ಟು ಒಳ್ಳೇ ಆಹಾರ ಹಾಕಿದರೂ ಕೊಕ್ಕರೆ ರೋಗ ನಿಲ್ಲೋದಿಲ್ಲ. ಅದಕ್ಕೆ ಲಸಿಕೆಯೇ ಆಗಬೇಕು. ಮರಿಗೆ ಮೊದಲ ವಾರದಲ್ಲಿ ಒಂದು, ಆಮೇಲೆ ಎಂಟು ವಾರದ ಹೊತ್ತಿಗೆ ಇನ್ನೊಂದು, ನಡುವಿನದು ವೈದ್ಯರು ಹೇಳಿದ ಹಾಗೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಹಸಿರು ಭೇದಿ ಜೊತೆ ಕತ್ತು ತಿರುಚಿದರೆ, ಒಂದೇ ದಿನ ನಾಲ್ಕೈದು ಸತ್ತರೆ ಸೊಪ್ಪು ಅರಿಶಿನ ಅಂತ ಕೂರಬೇಡಿ. ಪಶು ಆಸ್ಪತ್ರೆಗೆ ಹೋಗಿ.

ಆಂಟಿಬಯಾಟಿಕ್ ಸಹ ಕೇಳದೆ ಹಾಕಬೇಡಿ. ನಾನು ಹಾಕಿದ್ದು ತಪ್ಪು. ಕಮಟು ಆಹಾರದಿಂದ ಸುಟ್ಟ ಕರುಳಿಗೆ ಅದು ಏನೂ ಮಾಡಲ್ಲ, ಕರುಳಿನ ಒಳ್ಳೇ ಜೀವಾಣುಗಳನ್ನೂ ಕೊಲ್ಲುತ್ತೆ. ಮೊಟ್ಟೆ ತಿನ್ನುವವರ ಹೊಟ್ಟೆಗೂ ಸೇರುತ್ತೆ. ಬೆಳವಣಿಗೆಗಾಗಿ ಕೋಳಿಗೆ ಆಂಟಿಬಯಾಟಿಕ್ ಹಾಕೋದನ್ನು ಯುರೋಪಿನವರು 2006ರಲ್ಲಿ ನಿಲ್ಲಿಸಿದರು. ನಮ್ಮಲ್ಲೂ 2019ರಲ್ಲಿ ಕೊಲಿಸ್ಟಿನ್ ಅನ್ನೋದನ್ನು ಸಾಕುಪ್ರಾಣಿಗಳ ಆಹಾರದಲ್ಲಿ ಬಳಸಬಾರದು ಅಂತ ಸರ್ಕಾರ ನಿಷೇಧಿಸಿತು.

ಪಂಚಾಂಗ ನೋಡಿ ಕೋಳಿ ಕಾಯೋದು

ಒಂಟಿಕೊಪ್ಪಲ್ ಅಂದರೆ ನಮ್ಮ ಕಡೆ ರೈತರಿಗೆ ಮೊದಲು ನೆನಪಾಗೋದು ಪಂಚಾಂಗ. ಯುಗಾದಿಗೆ ತಂದು ಮಳೆ ನಕ್ಷತ್ರ ನೋಡದೆ ಬಿತ್ತನೆ ಮಾತಾಡೋದಿಲ್ಲ. ನಾನು ಈಗ ಅದೇ ಹಾಳೆಯಲ್ಲಿ ಕೋಳಿಯ ಕೆಲಸವನ್ನೂ ಗುರುತು ಹಾಕುತ್ತೇನೆ. ನಕ್ಷತ್ರ ಕೋಳಿಗೆ ಏನೋ ಮಾಡುತ್ತೆ ಅಂತಲ್ಲ, ದಿನ ನೆನಪಿಡೋಕೆ ನಮಗೆ ಅದೇ ಸಲೀಸು.

ರೇವತಿ (ಏಪ್ರಿಲ್ ಮೊದಲ ಭಾಗ): ಹಳೇ ಆಹಾರ ಖಾಲಿ ಮಾಡೋದು. ಗೂಡಿನ ತಗಡಿನ ಮೇಲೆ ತೆಂಗಿನ ಗರಿ ಹೊದಿಸೋದು. ಇ ಜೀವಸತ್ವ ಮೈಯಲ್ಲಿ ಸೇರೋಕೆ ದಿನ ಬೇಕು. ಆದ್ದರಿಂದ ಸೊಪ್ಪು, ಮೊಳಕೆ ಬಿಸಿಲು ಏರುವ ಮೊದಲೇ ಶುರು ಆಗಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಬರಲ್ಲ.

ಅಶ್ವಿನಿ, ಭರಣಿ (ಏಪ್ರಿಲ್ ಮಧ್ಯದಿಂದ ಮೇ 10ರ ತನಕ): ಕಡು ಬಿಸಿಲು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ, ಬರುವ ತನಕ ಕೋಳಿ ಉಳಿಯಬೇಕಲ್ಲ. ಆಹಾರ ಬೆಳಿಗ್ಗೆ ಆರಕ್ಕೆ ಮೊದಲು ಒಂದು ಸಲ, ಸಂಜೆ ಐದರ ಮೇಲೆ ಒಂದು ಸಲ. ಹತ್ತರಿಂದ ನಾಲ್ಕರ ತನಕ ಕಾಳು ಹಾಕೋದಿಲ್ಲ, ತಿಂದದ್ದು ಅರಗುವಾಗಲೂ ಮೈಯಲ್ಲಿ ಕಾವು ಹುಟ್ಟುತ್ತೆ. ಆ ಹೊತ್ತಲ್ಲಿ ನೀರು, ಸೊಪ್ಪು ಮಾತ್ರ. ಕೋಳಿ ಸಾಮಾನ್ಯವಾಗಿ ತಿಂದದ್ದರ ಎರಡು ಪಟ್ಟು ನೀರು ಕುಡಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಮಣ್ಣಿನ ಮಡಕೆಗಳನ್ನು ನೆರಳಲ್ಲಿ ನಾಲ್ಕೈದು ಕಡೆ ಇಟ್ಟು ಮಧ್ಯಾಹ್ನ ಒಮ್ಮೆ ಬದಲಿಸಬೇಕು.

ಕೃತ್ತಿಕೆ, ರೋಹಿಣಿ (ಮೇ 11ರಿಂದ ಜೂನ್ ಮೊದಲ ವಾರ): ಮಳೆ ಬಿದ್ದು ತೇವ ಏರುತ್ತೆ. ಈಗ ಬಿಸಿಲಿನ ಭಯ ಹೋಗಿ ಬೂಷ್ಟಿನ ಭಯ. ಹಿಂಡಿ ಒಡೆದು ಒಳಗೆ ನೋಡಿ ತರಬೇಕು. ಹಾಸು ಒಣಗಿರಬೇಕು, ಇಲ್ಲದಿದ್ದರೆ ಮರಿಗಳಿಗೆ ರಕ್ತಭೇದಿ.

ಲೆಕ್ಕ

2017ರಲ್ಲಿ ನಲವತ್ತು ಕೋಳಿ ಇಟ್ಟುಕೊಂಡೆ. ಅರ್ಧ ನಾಟಿ, ಅರ್ಧ ಗಿರಿರಾಜ. ಗಿರಿರಾಜ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಆದ ತಳಿ, ಹಿತ್ತಲಿಗೆ ಹೊಂದುತ್ತೆ. ಆದರೆ ಮೈ ಭಾರ, ಬಿಸಿಲಿಗೆ ನಾಟಿಗಿಂತ ಬೇಗ ಏದುಸಿರು ಬಿಡುತ್ತೆ. ಆ ಬೇಸಿಗೆಯಲ್ಲಿ ಸತ್ತದ್ದು ಮೂರು, ಅದರಲ್ಲಿ ಒಂದನ್ನು ಮುಂಗುಸಿ ಹಿಡಿದದ್ದು. ಸಂಘದ ಸಾಲ ದಸರಾ ಒಳಗೆ ತೀರಿತು.

ಯಾವುದರಿಂದ ಕೋಳಿ ಉಳಿದವು ಅಂತ ಕೇಳಿದರೆ ಒಂದನ್ನೇ ಬೊಟ್ಟು ಮಾಡಿ ಹೇಳಲಾರೆ. ಹೊಸ ಆಹಾರ, ಸೊಪ್ಪು, ನೆರಳು, ನೀರು, ಹೊತ್ತಿನ ಬದಲಾವಣೆ, ಲಸಿಕೆ ಎಲ್ಲಾ ಒಟ್ಟಿಗೆ ಮಾಡಿದೆ. ನನ್ನನ್ನು ಕೇಳಿದರೆ ಕಮಟು ಆಹಾರ ಬಿಟ್ಟದ್ದು, ನೆರಳು ಮಾಡಿದ್ದು ಮೊದಲು. ಸೊಪ್ಪು, ಮೊಳಕೆ, ಖನಿಜ ಆಮೇಲೆ. ಅರಿಶಿನ ಕೊನೆಗೆ. ದುಡ್ಡಿಲ್ಲದವರು ಇದೇ ಸಾಲಿನಲ್ಲಿ ಶುರು ಮಾಡಿ. ಮೊದಲಿನ ಎರಡಕ್ಕೆ ದುಡ್ಡೇ ಬೇಡ.

ಈಗಲೂ ಭಾನುವಾರ ಒಂಟಿಕೊಪ್ಪಲಿಗೆ ಹೋಗ್ತೇನೆ. ಅಮ್ಮ ಮೊಟ್ಟೆ ಎಣಿಸಿಕೊಳ್ಳುವಾಗ ನಾನೇ ಕೇಳ್ತೇನೆ, "ಹಳದಿ ಹೆಂಗಿದೆ ಅಮ್ಮ?" ಅಂತ. ಬಿಳಿಚಿದೆ ಅಂದರೆ ಕೋಪ ಮಾಡಿಕೊಳ್ಳಲ್ಲ. ಅವತ್ತು ಸಾಯಂಕಾಲವೇ ಮೂಟೆ ಬಿಚ್ಚಿ ಮೂಸಿ ನೋಡ್ತೇನೆ.

ನಿಮ್ಮ ಕಡೆ ಬೇಸಿಗೆಯಲ್ಲಿ ಕೋಳಿಗೆ ಯಾವ ಸೊಪ್ಪು ಹಾಕ್ತೀರಿ, ಯಾವುದು ಆಗಿಬಂತು, ಯಾವುದು ಆಗಲಿಲ್ಲ, ಪತ್ರಿಕೆಗೆ ಬರೆಯಿರಿ. ಆಗದೇ ಹೋದದ್ದನ್ನೂ ಬರೆಯಿರಿ. ಅದರಿಂದ ಇನ್ನೊಬ್ಬರ ಕೋಳಿ ಉಳಿಯುತ್ತೆ.